ನಮ್ಮ ಕೇರಿಯ ನೀರು ಕುಡಿಯುವ ಹೊಂಡ

ಕುಂದಾಪುರದ ನಮ್ಮ ಹಳೇ ಕೇರಿಗೆ ಮಳೆ ಒಂಟಿಯಾಗಿ ಬಂದದ್ದೇ ಇಲ್ಲ. ಏನಾದರೊಂದು ಫಜೀತಿಯನ್ನು ಕೈಹಿಡಿದುಕೊಂಡೇ ಬರುತ್ತದೆ.

ಕೇರಿಯ ಕೊನೆಯ ತಗ್ಗಿನ ಮನೆ ನನ್ನದು. ಮೇಲಿನವರೆಲ್ಲ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದ ಮೇಲೆ ನೀರು ಇಂಗದೆ ಚರಂಡಿ ಹಾರಿ ನನ್ನ ಅಡುಗೆಮನೆಗೇ ಬಂದು ಒಲೆ ಆರಿಸಿ ಹೋಗುತ್ತಿತ್ತು. ಚರಂಡಿ ಅಗಲ ಮಾಡಲು ಜಾಗವಿಲ್ಲ. ಅದಕ್ಕೆ ಪುರಸಭೆಯ ಇಂಜಿನಿಯರ್ ಹುಡುಗಿ ಬಂದು ರಸ್ತೆ ಬದಿ ತಗ್ಗು ತೋಡಿಸಿ, ಜಲ್ಲಿ-ಮರಳು ತುಂಬಿಸಿ, ಮೇಲೆ ಗಿಡ ನೆಡಿಸಿದಳು. ಮಳೆನೀರು ಅಲ್ಲೇ ಇಂಗಬೇಕಂತೆ. ಅವಳು ಅದನ್ನು ಮಳೆತೋಟ ಅಂದಳು. ನಾವು ಹೊಂಡ ಅಂದೆವು.

ಉಪಕಾರ

ಮಳೆ ಬಂದರೆ ಗುದ್ದಲಿ ಹಿಡಿದು ನೀರು ಹರಿದುಹೋಗಲು ಕಣಿ ಕಡಿಯುವುದು ನಮ್ಮೂರ ಗಂಡಸರ ಹುಟ್ಟುಗುಣ. ಮೊದಲ ಮಳೆಗೆ ಹೊಂಡದಲ್ಲಿ ನೀರು ನಿಂತದ್ದೇ ತಡ, ಪಕ್ಕದ ಮನೆಯ ಬೋಟಿನವರಿಗೆ ಕೈ ತುರಿಸಿತು. ಕಣಿ ಕಡಿದೇಬಿಟ್ಟರು, ನೇರ ನನ್ನ ಮನೆ ಕಡೆಗೆ.

"ಎಂತ ಮಾಡಿದ್ರಿ ಮಾರಾಯ್ರೆ?" ಅಂದೆ.

"ನೀರ್ ನಿತ್ರೆ ಸೊಳ್ಳಿ ಆತ್ತಲ್ದಾ ಅಮ್ಮಮ್ಮ? ನಿಮ್ಗೊಂದ್ ಉಪಕಾರ ಮಾಡ್ದೆ."

ನನ್ನ ಕೂರುವ ಮಣೆ ಆಗಲೇ ಅಡುಗೆಮನೆಯಲ್ಲಿ ತೇಲುತ್ತಿತ್ತು. "ನಿಮ್ ಉಪಕಾರ ಒಲಿ ತನ್ಕ ಬಂತ್. ಇನ್ ಸಾಕ್ ಮಾಡಿ!"

ಹುಡುಗಿ ಬಂದು ಕಣಿ ಮುಚ್ಚಿಸಿದಳು. ಬೋಟಿನವರಿಗೆ ವಾರವಿಡೀ ಬೇಸರ.

ಪತ್ರೊಡೆ

ಹೊಂಡದಲ್ಲಿ ನೆಟ್ಟದ್ದು ತಿನ್ನುವ ಕೆಸುವಲ್ಲ, ಚಂದಕ್ಕೆ ಬೆಳೆಸುವ ಕೆಸು. ಆಸಾಡಿ ತಿಂಗಳು, ಆನೆಕಿವಿಯಂಥ ಎಲೆ. ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಹಿಂದಿನ ಮನೆಯವಳು ಕತ್ತಿ ತಂದು ಕೊಯ್ದು, ಅಕ್ಕಿಹಿಟ್ಟು ಸವರಿ ಬೇಯಿಸಿ ಪತ್ರೊಡೆ ಮಾಡಿ ಕೇರಿಗೆಲ್ಲ ಹಂಚಿದಳು. ಹುಣಸೆಹುಳಿ ಎಷ್ಟು ಹಾಕಿದ್ದಳೋ, ತುರಿಕೆ ಮಾತ್ರ ಹೋಗಲಿಲ್ಲ.

ಸಂಜೆ ಹುಡುಗಿ ಬಂದು, "ಎಲೆ ಕೊಯ್ದವರು ಯಾರು?" ಅಂತ ಮನೆಮನೆಗೂ ಕೇಳಿದಳು. ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರ ನಾಲಗೆಯೂ ಊದಿಕೊಂಡಿತ್ತು. ನಾನು ಮದುವೆಯಾಗಿ ಬಂದಮೇಲೆ ಕೇರಿ ಅಷ್ಟು ಶಾಂತವಾಗಿದ್ದದ್ದು ಅದೇ ಮೊದಲು.

ಫೋಟೋ

ಕೆಸು ಮತ್ತೆ ಚಿಗುರುವ ಹೊತ್ತಿಗೆ ಪುರಸಭೆಯ ದೊಡ್ಡ ಸಾಹೇಬರು ಫೋಟೋ ತೆಗೆಯುವವನೊಬ್ಬನನ್ನು ಕರೆದುಕೊಂಡು ಹೊಂಡದ ಪರೀಕ್ಷೆಗೆ ಬಂದರು. ಬೆಳಿಗ್ಗೆ ಮಳೆ ಹೊಯ್ದು ನಿಂತಿತ್ತು. ಹೊಂಡ ಒಣಗಿತ್ತು.

"ನೀರೆಲ್ಲಿ?"

"ಇಂಗಿತು ಸರ್," ಅಂದಳು ಹುಡುಗಿ.

"ನೀರೇ ಇಲ್ಲದ ಮೇಲೆ ಕೆಲಸ ಮಾಡುತ್ತದೆ ಅಂತ ನಂಬುವುದು ಹೇಗೆ? ಫೋಟೋದಲ್ಲಿ ನೀರು ಕಾಣಬೇಕು. ಇಲ್ಲದಿದ್ದರೆ ಮುಚ್ಚಿ ಕಾಂಕ್ರೀಟ್ ಹಾಕಿಸಿ."

ಹೊಂಡ ಮುಚ್ಚಿದರೆ ನನ್ನ ಒಲೆಯ ಗತಿ? "ಹ್ವಾಯ್, ಎಲ್ಲ ಬನ್ನಿ!" ಅಂತ ಕೂಗಿದೆ. ಕೇರಿಯವರು ಕೊಡಪಾನ ಹಿಡಿದು ಬಾವಿಗೆ ಓಡಿದರು. ಸುರಿದರೆ ಹೊಂಡ ಕುಡಿಯಿತು. ಮತ್ತೆ ಸುರಿದರೆ ಮತ್ತೆ ಕುಡಿಯಿತು. ಫೋಟೋದವ ಕಣ್ಣಿಗೆ ಫೋನು ಹಿಡಿಯುವಷ್ಟರಲ್ಲಿ ಖಾಲಿ.

"ತಡೀನಿ, ನಾನಿದ್ದೆ ಅಲ್ದಾ!" ಅನ್ನುತ್ತ ಬೋಟಿನವರು ಬೋಟಿನ ನೀಲಿ ಟರ್ಪಾಲು ತಂದು ಹೊಂಡದೊಳಗೆ ಹಾಸಿದರು. ಈಗ ನೀರು ನಿಂತಿತು. ಹುಡುಗಿ ಮುಖ ಮುಚ್ಚಿಕೊಂಡಳು.

"ಹ್ಞಾಂ, ಈಗ ಕೆಲಸ ಮಾಡ್ತಿದೆ!" ಅಂದರು ಸಾಹೇಬರು.

ಫೋಟೋ ಆಯಿತು. ನನಗೆ ಸಂತೋಷವಾಗಿ ಎಲ್ಲರನ್ನೂ ಕಾಫಿಗೆ ಕರೆದೆ. ಸಾಹೇಬರು ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಒಲೆಯ ಪಕ್ಕ ಬಂದು ಕೂತರಷ್ಟೆ, ಆಕಾಶ ಹರಿದು ಬಿದ್ದಂತೆ ಮಳೆ. ಟರ್ಪಾಲಿನ ನೆನಪು ಯಾರಿಗೂ ಇಲ್ಲ. ಹೊಂಡ ತುಂಬಿ ಉಕ್ಕಿ ನೀರು ಅಡುಗೆಮನೆಗೇ ನುಗ್ಗಿತು. ಸಾಹೇಬರು ಪ್ಯಾಂಟು ಎತ್ತಿಕೊಂಡು, ಲೋಟ ಸಮೇತ ನನ್ನ ಅರೆಯುವ ಕಲ್ಲು ಹತ್ತಿದರು.

"ಅಮ್ಮಾ, ಏನಿದು ಇಷ್ಟು ನೀರು!"

"ನೀರ್ ಕಾಣ್ಕ್ ಅಂದಿದ್ರಿ ಅಲ್ದಾ? ಕಾಣಿ!" ಅಂದೆ. ಆಮೇಲೆ ಹೊರಗೆ ತಲೆ ಹಾಕಿ, "ಹ್ವಾಯ್, ಟರ್ಪಾಲ್ ಎಳೀನಿ!" ಅಂತ ಕಿರುಚಿದೆ.

ಬೋಟಿನವರು ಬಲೆ ಎಳೆದ ಹಾಗೆ ಎಳೆದರು. ಹೊಂಡ ಗೊಳಗೊಳ ಅಂತ ಕುಡಿಯಲು ಶುರುಮಾಡಿತು. ಮಳೆಯೂ ಹನಿಗೆ ಇಳಿಯಿತು. ಅಂಗಳದ ನೀರು ಬಾಗಿಲಲ್ಲಿದ್ದದ್ದನ್ನೆಲ್ಲ ಎಳೆದುಕೊಂಡು ಹಿಂದೆ ಹಿಂದೆ ಸರಿಯಿತು. ಸಾಹೇಬರು ಕಲ್ಲಿನಿಂದ ಇಳಿದು ಬಾಗಿಲಿಗೆ ಬಂದು ಕಣ್ಣರಳಿಸಿದರು.

"ಇದನ್ನು ಮುಚ್ಚಬಾರದು! ಪ್ರತಿ ಕೇರಿಗೂ ಬೇಕು! ಫೋಟೋ, ಬೇಗ ಫೋಟೋ!"

ಫೋಟೋದವ ಒದ್ದೆ ಫೋನನ್ನು ಅಂಗಿಗೆ ಒರೆಸಿಕೊಂಡು ಓಡಿದ. ಹೊಂಡದಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಕೆಸುವಿನ ಬುಡಕ್ಕೆ ಆತುಕೊಂಡು ಸಾಹೇಬರ ಒಂದು ಶೂ ಮಾತ್ರ ಕೂತಿತ್ತು.