ಕಲಕತ್ತೆಯ ‘ಅ’

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನದು ಅಕ್ಷರದ್ದು, ಓದುವ ಚಟವಲ್ಲ, ಅಕ್ಷರದ ಮೈಕಟ್ಟು ನೋಡುವ ಚಟ. ಧಾರವಾಡದಿಂದ ಸೋದರಮಾವನ ವೈಕುಂಠ ಸಮಾರಾಧನೆಯ ಕಾಗದ ಬಂದಾಗ, ಇದರ ‘ಳ’ದ ಬಾಲ ಗಿಡ್ಡ, ಎರಡು ಬಗೆಯ ಅಚ್ಚಿನ ಮೊಳೆ ಬೆರೆಸಿದ್ದಾರೆ ಎಂದು ಮೊದಲು ಹೇಳಿ, ಸತ್ತವರು ಯಾರೆಂದು ಆಮೇಲೆ ನೋಡಿದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಆಗ ನಾಗಪುರ ಇನ್ನೂ ಮಧ್ಯಪ್ರಾಂತ್ಯದ ರಾಜಧಾನಿ. ಸೀತಾಬರ್ಡಿ ಪೇಟೆಯ ಒಂದು ಮರಾಠಿ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುವವನು. ಈ ವಿದ್ಯೆ ಕಲಿಸಿದವರು ಅಲ್ಲಿ ಮೊಳೆ ಜೋಡಿಸುತ್ತಿದ್ದ ಬಸಪ್ಪಕಾಕಾ, ವಿಜಾಪುರದ ಕಡೆಯವರು. ಮುಂಬಯಿ ಅಚ್ಚಿನ ನಾಗರಿ ಲಿಪಿಯೇ ಬೇರೆ, ಕಲಕತ್ತೆಯದೇ ಬೇರೆ, ‘ಅ’ ಒಂದನ್ನು ನೋಡಿದರೆ ಸಾಕು ಎಂದು ಬೆರಳಿಟ್ಟು ತೋರಿಸಿದ್ದರು. ನಮ್ಮಲ್ಲಿದ್ದದ್ದು ಮುಂಬಯಿಯದು ಮಾತ್ರ.

ಆ ಬೇಸಿಗೆಯಲ್ಲಿ ಯಂತ್ರಕ್ಕೆ ಸಿಕ್ಕಿ ಒಬ್ಬ ಕೆಲಸಗಾರನ ಕೈ ಹೋಯಿತು. ತಪ್ಪು ಅವನದೇ ಎಂದು ಬರೆಸಿಕೊಂಡು ಮಾಲೀಕರು ಅವನನ್ನು ಮನೆಗೆ ಕಳಿಸಿದರು. ವಾರದೊಳಗೆ ಪ್ರೆಸ್ಸಿನ ಗೇಟಿನ ಮೇಲೆ ‘ಅನ್ಯಾಯ’ ಎಂಬ ತಲೆಬರಹದ ಮರಾಠಿ ಕರಪತ್ರ ಅಂಟಿತ್ತು. ಅಚ್ಚು ಹಾಕಿದವರ ಹೆಸರಿರಲಿಲ್ಲ. ಮಾಲೀಕರು ನನ್ನನ್ನು ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿ, ಈ ಊರಲ್ಲಿ ಅಕ್ಷರ ಬಲ್ಲವನು ನೀನೊಬ್ಬನೇ, ಇದು ಎಲ್ಲಿಯದು ಹೇಳು ಎಂದರು. ಹೊಗಳಿದರೆ ಉಬ್ಬಿಹೋಗುವ ಮನುಷ್ಯ ನಾನು. ಈ ‘ಲ’ದ ಎಡಸುರುಳಿ ಸವೆದು ಮುಚ್ಚಿಹೋಗಿದೆ, ಇದು ನಮ್ಮದೇ ಮೊಳೆ, ಕಿಟಕಿ ಪಕ್ಕದ ಪೆಟ್ಟಿಗೆಯದು ಎಂದುಬಿಟ್ಟೆ. ಮಾತು ಜಾರಿದ ಮೇಲೆ ಆ ಪೆಟ್ಟಿಗೆಯ ಮುಂದೆ ನಿಲ್ಲುವವರು ಯಾರೆಂದು ಹೊಳೆಯಿತು. ಮಾಲೀಕರಿಗೆ ನನಗಿಂತ ಮೊದಲೇ ಹೊಳೆದಿತ್ತು.

ಮಧ್ಯಾಹ್ನದೊಳಗೆ ಬಸಪ್ಪಕಾಕಾನ ಕೆಲಸ ಹೋಯಿತು. ಊಟದ ಡಬ್ಬಿ ಹಿಡಿದು ಹೊರಟವರು ನನ್ನ ಮೇಜಿನ ಬಳಿ ನಿಂತರು. ಬೈಯಲಿಲ್ಲ.

“‘ಲ’ ಬರೋಬರ್ ಹಿಡದಿ, ತಮ್ಮಾ. ಆದ್ರ ತಲೆಬರಹದ ‘ಅ’ ಕಲಕತ್ತೆದು ಐತಿ. ಇದು ನಮ್ಮ ಪ್ರೆಸ್ಸಿಂದಲ್ಲ ಅನ್ಲಿ ಅಂತ ಹೊರಗಿಂದ ತಂದು ಹಾಕಿದ್ದೆ. ನೀನರ ಅದನ್ನ ನೋಡ್ತಿ ಅನ್ಕೊಂಡಿದ್ದೆ.”

ನಾನು ಅವರ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಅವರು ಬಾಗಿಲು ದಾಟಿದ್ದೇ ತಡ, ಓಡಿಹೋಗಿ ಕರಪತ್ರ ನೋಡಿದೆ. ನಿಜ, ಕಲಕತ್ತೆಯ ‘ಅ’ವೇ. ಹೆಬ್ಬೆರಳಿನಷ್ಟು ದಪ್ಪದ ಅಕ್ಷರ ನನ್ನಂಥವನ ಕಣ್ಣು ತಪ್ಪಿಸಿತಲ್ಲ ಎಂದು ಸಂಜೆಯವರೆಗೂ ನನ್ನನ್ನೇ ಬೈದುಕೊಂಡೆ. ಐವತ್ತೈದು ದಾಟಿದ ಆ ಮನುಷ್ಯ ನಾಳೆ ಎಲ್ಲಿಗೆ ಹೋಗುತ್ತಾರೆಂದು ಕೇಳಲೇ ಇಲ್ಲವೆಂಬುದು ನೆನಪಾದದ್ದು, ಮನೆಯಲ್ಲಿ ಊಟಕ್ಕೆ ಕುಳಿತು ಎರಡನೆಯ ಸಲ ಅನ್ನ ಹಾಕಿಸಿಕೊಂಡ ಮೇಲೆ.