ಎಂಟು ಸಾಲಿನ ಮಹಾಕಂಬ

“ಈ ಕಂಬ ನೋಡೋಕೆ ಜನ ಟಿಕೆಟ್ ತಗೊಂಡು ಬರ್ತಾರೆ, ನೋಡ್ತಿರು!” ಎಂದು ಲೆಕ್ಕದ ಮೇಷ್ಟ್ರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ಆ ಚೌಕ ಕಂಬ ಇದ್ದದ್ದು ಅವರ ಮನೆಯ ನಡುಕೋಣೆಯಲ್ಲಿ, ಸರಿಯಾಗಿ ಎಲ್ಲರ ಮೊಣಕೈಗೆ ತಗಲುವ ಜಾಗದಲ್ಲಿ. ಹೆಂಡತಿಗೆ ಅದರ ಮೇಲೆ ಬಿಳಿ ಟೈಲ್ಸ್ ಬೇಕಿತ್ತು, ಬರೀ ಬಿಳಿ. ಮೇಷ್ಟ್ರಿಗೆ ಕಲೆ ಬೇಕಿತ್ತು. ಅದೂ ಅಂತಿಂಥ ಕಲೆಯಲ್ಲ, ತಾನಾಗಿಯೇ ಬೆಳೆಯುವ ಕಲೆ! ಲ್ಯಾಪ್‌ಟಾಪ್ ತೆರೆದು ಪಾಠ ಶುರು ಮಾಡಿದರು.

“ಇದಕ್ಕೆ ಸೆಲ್ಯುಲರ್ ಆಟೋಮೇಟಾ ಅಂತಾರೆ. ಬುಡದಲ್ಲಿ ಒಂದೇ ಒಂದು ಕಪ್ಪು ಮನೆ, ಅಂದ್ರೆ ಒಂದು ಕಪ್ಪು ಟೈಲ್. ಮೇಲಿನ ಸಾಲಿನ ಪ್ರತಿ ಮನೆಯೂ ತನ್ನ ನೇರ ಕೆಳಗಿನದನ್ನ ಬಿಟ್ಟು, ಅದರ ಎಡಕ್ಕೊಂದು, ಬಲಕ್ಕೊಂದು ಮನೆ ನೋಡುತ್ತೆ. ಎರಡರಲ್ಲಿ ಒಂದೇ ಕಪ್ಪಾಗಿದ್ರೆ ತಾನೂ ಕಪ್ಪು. ಎರಡೂ ಒಂದೇ ಬಣ್ಣ ಆಗಿದ್ರೆ ಬಿಳಿ. ಅಷ್ಟೇ ನಿಯಮ! ಉಳಿದದ್ದನ್ನ ಅದೇ ನೋಡ್ಕೊಳ್ಳುತ್ತೆ.”

ಪರದೆಯ ಮೇಲೆ ತ್ರಿಕೋನದೊಳಗೆ ತ್ರಿಕೋನ ಹುಟ್ಟಿ ಮೇಲೇರುತ್ತಿದ್ದವು.

“ನೀವು ನೋಡ್ಕೊಳ್ಳೋದಕ್ಕಿಂತ ಅದೇ ನೋಡ್ಕೊಳ್ಳೋದು ವಾಸಿ,” ಎಂದಳು ಹೆಂಡತಿ. ಆ ಮಾತಿಗೆ ಇತಿಹಾಸವಿತ್ತು. ಮೇಷ್ಟ್ರು ಹೊಡೆದ ಶೆಲ್ಫಿನ ಮೇಲೆ ಪುಸ್ತಕಗಳು ಇಂದಿಗೂ ಎಡಕ್ಕೆ ಜಾರುತ್ತವೆ. ಅವರು ಬಣ್ಣ ಬಳಿದ ಕಿಟಕಿ ಆಮೇಲೆ ತೆರೆದೇ ಇಲ್ಲ.

ಎರಡು ದಿನ ಆಕೆ ಕಪ್ಪು, ಬಿಳಿ ಮಣಿ ಪೋಣಿಸುತ್ತಾ ಕೂತಳು. ಮೂರನೇ ದಿನ ಪುಟ್ಟದೊಂದು ಮಣಿಯ ಕವಚ ಹೊದಿಸಿದ ಪೆನ್ನನ್ನು ಗಂಡನ ಕೈಗಿಟ್ಟಳು.

“ಇದನ್ನ ಸ್ವಲ್ಪ ನೋಡ್ರೀ.”

ಮೇಷ್ಟ್ರು ನೋಡಿದರು. “ಕೆಳಗೆ ಚೆನ್ನಾಗಿದೆ. ಮೇಲೆ ಯಾಕೆ ಬೋಳು? ಕಪ್ಪು ಮಣಿ ಸಾಲಲಿಲ್ವಾ?” ಎಂದು ನಕ್ಕು ಜೇಬಿಗೆ ಸಿಕ್ಕಿಸಿಕೊಂಡರು.

ಹೆಂಡತಿ ಸೊಗಸಾಗಿ ನಕ್ಕಳು. “ಸರಿ, ಕಂಬ ನಿಮ್ಮಿಷ್ಟದ ಹಾಗೇ ಆಗ್ಲಿ. ಟೈಲ್ಸ್ ಅಳತೆ ಮಾತ್ರ ನಂದು. ಒಂದೊಂದು ಬದಿಗೆ ನಾಲ್ಕೇ ನಾಲ್ಕು. ಮಧ್ಯದಲ್ಲಿ ನಿಯಮ ಬದಲಾಯಿಸೋ ಹಾಗಿಲ್ಲ. ಇದೂ ಕೆಟ್ರೆ, ಇನ್ಮೇಲೆ ಈ ಮನೇಲಿ ಒಂದು ಮೊಳೆ ಹೊಡೆಯೋಕೂ ನನ್ನ ಕೇಳ್ಬೇಕು!”

“ಅಳತೆಗೂ ಕಲೆಗೂ ಏನೇ ಸಂಬಂಧ? ಒಪ್ಪಿದೆ!”

ಭಾನುವಾರ ಬೆಳಗ್ಗೆ ಗಾರೆ ಕೆಲಸದವನು ಬಂದ. ಸಂಜೆ ಐದಕ್ಕೆ ಶಾಲೆಯ ಸ್ಟಾಫ್‌ರೂಮಿಗೆ ಸ್ಟಾಫ್‌ರೂಮೇ ಬರುವುದಿತ್ತು. ಮೇಷ್ಟ್ರು ಎಲ್ಲರಿಗೂ ಡಂಗುರ ಸಾರಿದ್ದರು. ಕಂಬಕ್ಕೆ ಒಟ್ಟು ಇಪ್ಪತ್ತನಾಲ್ಕು ಸಾಲು. ಬುಡದಿಂದ ಸಾಲು ಏರತೊಡಗಿತು. ಮೇಷ್ಟ್ರು ಪ್ರದಕ್ಷಿಣೆ ಹಾಕಿ ಹಾಕಿ ತಲೆ ಸುತ್ತಿ ಕೂತರು. ಎಂಟನೇ ಸಾಲಿಗಂತೂ ಕಂಬದ ಸುತ್ತಲೂ ಒಂದು ಬಿಟ್ಟು ಒಂದು ಕಪ್ಪು! ಅಬ್ಬಬ್ಬಾ! ಅವರ ಕಣ್ಣಲ್ಲಿ ನೀರು ಬಂತು.

“ಬಿಳಿ,” ಎಂದ ಗಾರೆಯವನು, ಒಂಬತ್ತನೇ ಸಾಲಿಗೆ ಕೈ ಹಾಕಿ. “ಬಿಳಿ. ಬಿಳಿ. ಬಿಳಿ.”

“ಸರಿಯಾಗಿ ನೋಡಪ್ಪಾ!”

“ಇಲ್ಲಿ ಕೆಳಗೆ ಎರಡೂ ಕಪ್ಪು, ಅದಕ್ಕೇ ಬಿಳಿ. ಪಕ್ಕದ್ದಕ್ಕೆ ಎರಡೂ ಬಿಳಿ, ಅದಕ್ಕೂ ಬಿಳಿ.”

“ಅದರ ಮೇಲಿನ ಸಾಲು?”

“ಕೆಳಗೆಲ್ಲಾ ಬಿಳಿ ಇದ್ಮೇಲೆ ಮೇಲೂ ಬಿಳೀನೇ, ಸಾರ್. ಇನ್ನು ಸೂರಿನ ತನಕ ನಾನು ನೋಡೋದೇ ಬೇಡ. ಒಳ್ಳೇ ನಿಯಮ!”

ಮೇಷ್ಟ್ರು ಎದ್ದು ಕಂಬದ ಹಿಂದಕ್ಕೆ ಓಡಿದರು. ಪರದೆಯ ಮೇಲೆ ತ್ರಿಕೋನಕ್ಕೆ ಎರಡೂ ಕಡೆ ಬೇಕಾದಷ್ಟು ಬಯಲಿತ್ತು. ಇಲ್ಲಿ ಎಡಗಡೆಯಿಂದ ಹೋದ ಕಪ್ಪೂ ಬಲಗಡೆಯಿಂದ ಹೋದ ಕಪ್ಪೂ ಕಂಬವನ್ನು ಸುತ್ತಿ, ಹಿಂದೆ ಒಂದಕ್ಕೊಂದು ಡಿಕ್ಕಿ ಹೊಡೆದು ಮುಗಿದೇ ಹೋಗಿದ್ದವು!

“ಸುಮ್ನೆ ಒಂದು ಕಪ್ಪು ಇಟ್ಬಿಡಪ್ಪಾ,” ಎಂದು ಪಿಸುಗುಟ್ಟಿದರು.

“ನಿಯಮ!” ಎಂದು ಅಡುಗೆಮನೆಯಿಂದ ಕೇಳಿಸಿತು.

ಐದಕ್ಕೆ ಸರಿಯಾಗಿ ಸ್ಟಾಫ್‌ರೂಮು ಬಂದು ಕಂಬದ ಸುತ್ತ ನಿಂತಿತು. ಸೊಂಟದೆತ್ತರಕ್ಕೆ ಕಲೆ, ಅದರ ಮೇಲೆ ಸೂರಿನವರೆಗೂ ಥಳಥಳಿಸುವ ಬಿಳಿ. ಹೆಡ್‌ಮೇಡಂ ಗಂಟಲು ಸರಿಮಾಡಿಕೊಂಡರು. “ಕೆಳಗೆ ಚೆನ್ನಾಗಿದೆ, ಮೇಷ್ಟ್ರೇ. ಮೇಲೆ ಯಾಕೆ ಬೋಳು?”

“ಅದಕ್ಕೊಂದು ಕಾರಣ ಇದೆ ಮೇಡಂ, ಚಿತ್ರ ಬರೆದು ತೋರಿಸ್ತೀನಿ,” ಎಂದು ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ತೆಗೆದವರು ಹಾಗೇ ನಿಂತುಬಿಟ್ಟರು. ಮಣಿಯ ಸಾಲುಗಳನ್ನು ಎಣಿಸಿದರು: ಎಂಟು ಸಾಲು ಕಲೆ, ಮೇಲೆಲ್ಲಾ ಬಿಳಿ. ಸುತ್ತಲೂ ಎಣಿಸಿದರು: ಹದಿನಾರು ಮಣಿ. ಕಂಬದ ಸುತ್ತ ಎಷ್ಟು ಟೈಲ್ಸ್ ಅಂತ ಎಣಿಸುವ ಧೈರ್ಯ ಅವರಿಗೆ ಬರಲಿಲ್ಲ.

ಹೆಂಡತಿ ಟೀ ತಟ್ಟೆ ಹಿಡಿದು ಬಂದಳು. ತನ್ನ ಬಿಳಿ ಕಂಬವನ್ನು ಕೆಳಗಿಂದ ಮೇಲಿನವರೆಗೂ ಕಣ್ತುಂಬ ನೋಡಿದಳು.

“ಯಾಕ್ರೀ,” ಎಂದಳು, “ಕಪ್ಪು ಟೈಲ್ಸ್ ಸಾಲಲಿಲ್ವಾ?”