ದೊಡ್ಡಮ್ಮನ ಚೀಲಕ್ಕೆ ಚೈನಿನ ನಂಬರು

ಫೆಬ್ರುವರಿ ಹನ್ನೆರಡು, ಬೆಳಿಗ್ಗೆ ಏಳೂವರೆ. ಅರ್ಧ ಗಂಟೆಯ ಕೆಲಸವೆಂದು ಡೈರಿಯಲ್ಲಿ ಬರೆದುಕೊಂಡೇ ಶುರುಮಾಡಿದೆ.

ಕುಂದೂರಿನ ನಮ್ಮ ದೊಡ್ಡಮ್ಮನ ಕಾಫಿ ಮೊದಲ ಸಲ ಬೇರೆಯವರ ಬೀಜದ ಜೊತೆ ಬೆರೆಯದೆ, ಅವರದೇ ಹೆಸರಿನಲ್ಲಿ ಹೊರದೇಶಕ್ಕೆ ಹೊರಟಿತ್ತು. ಕೊಳ್ಳುವವರದು ಒಂದೇ ಷರತ್ತು: ಬೀಜ ಯಾರ ತೋಟದ್ದೆಂಬ ದಾಖಲೆ ಬ್ಲಾಕ್‌ಚೈನ್‌ನಲ್ಲಿರಬೇಕು, ಯಾವ ಚೈನ್ ಎಂಬ ಗುರುತು ಚೀಲದ ಮೇಲಿರಬೇಕು. ಸಂಜೆ ಬಾಳ್ಳುಪೇಟೆಯಿಂದ ಲಾರಿ. ಅಷ್ಟರೊಳಗೆ ಸರಿಹೋಗದಿದ್ದರೆ ಬೀಜ ಎಂದಿನಂತೆ ಎಲ್ಲರ ರಾಶಿಗೆ!

ಕ್ರಿಪ್ಟೋ ನಾಣ್ಯಗಳು ಓಡಾಡುವ, ಒಮ್ಮೆ ಬರೆದರೆ ಅಳಿಸಲಾಗದ ಈ ಚೈನ್‌ಗಳು ನೂರಾರಿವೆ. ಗುರುತಿಸುವುದು ಹೇಗೆ? ನಮ್ಮ ಕಡೆ ತೋಟಕ್ಕೊಂದು ಮಾರ್ಕು: ಯಜಮಾನರ ಹೆಸರಿನ ಮೊದಲಕ್ಷರ, ಪಕ್ಕದಲ್ಲೊಂದು ನಂಬರು. ಅದೇ ಪದ್ಧತಿಯನ್ನು ಚೈನ್‌ಗಳಿಗೂ ದಯಪಾಲಿಸಿದೆ. ನಾನು ಮೊದಲು ಕಲಿತ ಇಥೀರಿಯಂಗೆ ಒಂದು. ಆಮೇಲೆ ಕಲಿತ, ದೊಡ್ಡಮ್ಮನ ದಾಖಲೆ ಹಾಕಿದ ಪಾಲಿಗಾನ್‌ಗೆ ಎರಡು. ಇಥೀರಿಯಂನ ನಿಜವಾದ ನಂಬರೂ ಒಂದೇ ಎಂದು ಎಲ್ಲೋ ಓದಿ ಬೀಗಿದೆ. ಪಾಲಿಗಾನ್‌ನದನ್ನು ಓದುವ ಅಗತ್ಯ ಕಾಣಲಿಲ್ಲ.

ಚೀಲಗಳ ಮೇಲೆಲ್ಲ ಪಿ-2 ಎಂದು ಬರೆದು ಕೊಳ್ಳುವವರಿಗೆ ಫೋಟೊ ಕಳಿಸಿದೆ. ಉತ್ತರ ಬಂತು: “ಇಂಥ ಚೈನ್ ನಮಗೆ ಗೊತ್ತಿಲ್ಲ. ಎಲ್ಲರೂ ಬಳಸುವ ಗುರುತು ಕೊಡಿ. ಮೊದಲು ಚೈನಿನ ಕುಲ, ನಡುವೆ ಎರಡು ಚುಕ್ಕಿ, ಆಮೇಲೆ ನಂಬರು.”

ಹುಡುಕಿದೆ. eip155:137. eip155 ಎಂದರೆ ಇಥೀರಿಯಂ ಕುಲ, 137 ಪಾಲಿಗಾನ್‌ನ ನಂಬರು. ಪಿ-2ರ ಮೇಲೆ ಬಣ್ಣ ಬಳಿದು, ಹೊಸದನ್ನು ದಪ್ಪಕ್ಷರದಲ್ಲಿ ಬರೆದು ಬಾಳ್ಳುಪೇಟೆಗೆ ಸಾಗಿಸಿದೆ.

ಅಲ್ಲಿ ಹಮಾಲಿ ಮಂಜಣ್ಣ ಚೀಲ ಮುಟ್ಟಲೇ ಇಲ್ಲ.

“ನೂರಾ ಮೂವತ್ತೇಳು ಕೆಜಿನಾ? ಎತ್ತಕ್ಕೆ ಆನೆ ಕರ್ಕಂಬನ್ನಿ!”

“ತೂಕ ಅಲ್ಲ ಮಂಜಣ್ಣ, ಚೈನ್ ನಂಬರು.”

“ಚೈನು ಕತ್ತಲ್ಲಿರ್ಲಿ ಕಣವ್ವ, ಚೀಲದ್ ಮ್ಯಾಲ್ಯಾಕೆ?”

ನನ್ನ ಜೊತೆ ಬಂದಿದ್ದ ದೊಡ್ಡಮ್ಮ ಚೀಲಕ್ಕೊಂದು ಸುತ್ತು ಬಂದು ನೋಡಿದರು. “ಅಲ್ಲ ಕಣೇ, ಇದ್ರಲ್ಲಿ ನನ್ ಹೆಸ್ರೆಲ್ಲೈತೆ?”

“ಚೈನಲ್ಲೈತೆ ದೊಡ್ಡಮ್ಮ. ಫೋನಲ್ಲಿ ಕಾಣುತ್ತೆ.”

“ತೋರ್ಸು ಮತ್ತೆ.”

ತೋರಿಸಹೋದೆ. 137ರಲ್ಲಿ ದೊಡ್ಡಮ್ಮ ಇರಲಿಲ್ಲ! ನಾನು ದಾಖಲೆ ಬರೆದದ್ದು ಪಾಲಿಗಾನ್‌ನದೇ, ಆದರೆ ಅಭ್ಯಾಸಕ್ಕೆಂದೇ ಇರುವ ಪರೀಕ್ಷಾ ಚೈನಿನಲ್ಲಿ. ಅದರ ನಂಬರು 80002. ಶುಲ್ಕಕ್ಕೆ ಚಿಕ್ಕಾಸೂ ಖರ್ಚಾಗದಾಗಲೇ ಅನುಮಾನ ಬರಬೇಕಿತ್ತು. ಅದು ನನ್ನ ಜಾಣತನಕ್ಕೆ ಸಿಕ್ಕ ರಿಯಾಯಿತಿ ಎಂದುಕೊಂಡಿದ್ದೆ. ನಿಜವಾದ ಚೈನಿನಲ್ಲಿ ಬರೆಯಲು ಅದರದೇ ನಾಣ್ಯ ಬೇಕು, ನನ್ನಲ್ಲಿರಲಿಲ್ಲ. ಲಾರಿ ಹಾರ್ನ್ ಹೊಡೆಯಿತು, ಹೊರಟಿತು. ಬೀಜ ಎಲ್ಲರ ರಾಶಿಗೆ ಸುರಿಯಿತು.

ದೊಡ್ಡಮ್ಮ ಖಾಲಿ ಚೀಲ ಮಡಚಿಕೊಂಡರು. “ಹೋಗ್ಲಿ ಬುಡು. ಮುಂದಿನ್ ವರ್ಷ ನನ್ ಹೆಸ್ರು ನಾನೇ ಬರ್ಕತೀನಿ. ನೀನು ಬಣ್ಣದ್ ಡಬ್ಬ ಹಿಡ್ಕಂಡಿರು, ಸಾಕು.”

ಬಡ್ತಿಯೋ ಹಿಂಬಡ್ತಿಯೋ, ಒಪ್ಪಿಕೊಂಡಿದ್ದೇನೆ. ಆದರೆ ಕುತೂಹಲ ಬಿಟ್ಟಿಲ್ಲ. ಪಾಲಿಗಾನ್‌ಗೆ 137 ಯಾಕೆ, 136 ಯಾಕಲ್ಲ? ಬಿಟ್‌ಕಾಯಿನ್‌ಗಂತೂ ನಂಬರೇ ಇಲ್ಲ, ಅದರ ಮೊದಲ ಬ್ಲಾಕಿನ ಗುರುತಿನಿಂದ ಕತ್ತರಿಸಿದ ಮೂವತ್ತೆರಡು ಅಕ್ಷರಗಳಂತೆ! ಅದನ್ನು ಬರೆಯಲು ಚೀಲಕ್ಕೆ ತೋಳು ಹೊಲಿಸಬೇಕು. ತಿಳಿದವರು ದಯಮಾಡಿ ನನಗೊಂದು ಕಾಗದ ಹಾಕಿ. ದೊಡ್ಡಮ್ಮನ ಕೈಗೆ ಸಿಗದ ಹಾಗೆ.